ಎರಡು ಮೇಜುಗಳ ನಡುವೆ

ಮಧುರೈಯ ಅಣ್ಣಾನಗರದಲ್ಲಿ ಬೆಳಗಿನ ಏಳೂವರೆಗೆಲ್ಲ ಬಿಸಿಲು ಚುರುಗುಡಲು ಶುರುವಾಗಿರುತ್ತದೆ. ಅರವಿಂದ್ ಕಣ್ಣಾಸ್ಪತ್ರೆಯ ಆಪರೇಷನ್ ಥಿಯೇಟರಿನೊಳಗೆ ಮಾತ್ರ ಹೊತ್ತಿನ ಸುಳಿವಿಲ್ಲ. ಅಕ್ಕಪಕ್ಕದಲ್ಲಿ ಎರಡು ಮೇಜು, ಎರಡಕ್ಕೂ ಸೇರಿ ಒಂದು ಮೈಕ್ರೋಸ್ಕೋಪು. ಅದರ ತೋಳು ಇತ್ತಲೂ ಹೊರಳುತ್ತದೆ, ಅತ್ತಲೂ ಹೊರಳುತ್ತದೆ. ಎಡಗಡೆಯ ಮೇಜಿನ ಮೇಲೆ ಒಬ್ಬ ಅಜ್ಜಿ ಮಲಗಿದ್ದಾರೆ. ತಲೆಗೂದಲು ಟೋಪಿಯೊಳಗೆ, ಮುಖದ ಮೇಲೆ ಹಸಿರು ಬಟ್ಟೆ, ಬಟ್ಟೆಯ ಕಂಡಿಯಲ್ಲಿ ಕಾಣುವುದು ಒಂದೇ ಒಂದು ಕಣ್ಣು. ಪಕ್ಕದಲ್ಲಿ ಕೊಟ್ಟ ಇಂಜೆಕ್ಷನ್ನಿಗೆ ಆ ಕಣ್ಣು ಮರಗಟ್ಟಿದೆ. ಅಜ್ಜಿಗೆ ಪೂರ್ತಿ ಎಚ್ಚರವಿದೆ. ಕಳೆ ಕಿತ್ತು ಒರಟಾದ ಕೈಗಳನ್ನು ಹೊಟ್ಟೆಯ ಮೇಲೆ ಜೋಡಿಸಿಕೊಂಡಿದ್ದಾರೆ. "ಪಾಟ್ಟಿ, ಅಲ್ಲಾಡಬೇಡಿ, ಇನ್ನೇನು ಆಗೇಹೋಯ್ತು" ಎಂದು ಇಪ್ಪತ್ತರ ಆಸುಪಾಸಿನ ಹುಡುಗಿಯೊಬ್ಬಳು ಕಿವಿಯ ಹತ್ತಿರ ಬಾಗಿ ತಮಿಳಿನಲ್ಲಿ ಹೇಳುತ್ತಾಳೆ.

ಶಸ್ತ್ರವೈದ್ಯರು ಬಾಯಿಬಿಟ್ಟು ಏನನ್ನೂ ಕೇಳುವುದಿಲ್ಲ. ಕೈ ಚಾಚಿದರೆ ಬೇಕಾದ ಉಪಕರಣ ಬೇಕಾದ ದಿಕ್ಕಿಗೆ ಮುಖ ಮಾಡಿಕೊಂಡು ಬಂದು ಕೂರುತ್ತದೆ. ಕರಿಗುಡ್ಡೆಯ ಅಂಚಿನಾಚೆ, ಬಿಳಿಯ ಭಾಗದಲ್ಲಿ, ಆರೇಳು ಮಿಲಿಮೀಟರಿನ ಒಂದು ಸುರಂಗ. ಅದರ ಮೂಲಕ ಒಳಹೊಕ್ಕ ಸೂಜಿ ಮಸೂರದ ಚೀಲವನ್ನು ತೆರೆಯುತ್ತದೆ. ವರ್ಷಗಟ್ಟಲೆ ಕಂದುಗಟ್ಟಿ ಗಡುಸಾದ ಪೊರೆ ಮೆಲ್ಲಗೆ ಉರುಳಿ ಈಚೆ ಬರುತ್ತದೆ. ಉಳಿದ ಚೂರುಪಾರುಗಳನ್ನು ನೀರಿನಿಂದ ತೊಳೆದು, ಖಾಲಿಯಾದ ಚೀಲದಲ್ಲಿ ಹೊಸ ಲೆನ್ಸನ್ನು ಕೂರಿಸುತ್ತಾರೆ. ಹೊಲಿಗೆ ಹಾಕುವುದಿಲ್ಲ, ಕಣ್ಣಿನ ಒಳಗಿನ ಒತ್ತಡಕ್ಕೆ ಸುರಂಗದ ಬಾಯಿ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಇಷ್ಟಕ್ಕೂ ಹಿಡಿಯುವುದು ಐದರಿಂದ ಹತ್ತು ನಿಮಿಷ. ಅಷ್ಟರಲ್ಲಿ ಬಲಗಡೆಯ ಮೇಜಿನ ಮೇಲೆ ಇನ್ನೊಬ್ಬರು ಮಲಗಿ, ಕಣ್ಣು ಶುಚಿಯಾಗಿ, ಬಟ್ಟೆ ಹೊದ್ದು ತಯಾರಾಗಿರುತ್ತಾರೆ. ಇನ್ನೊಬ್ಬ ನರ್ಸು ಬೇರೊಂದು ಟ್ರೇಯ ಉಪಕರಣಗಳನ್ನು ಜೋಡಿಸಿಟ್ಟು ಕಾಯುತ್ತಿರುತ್ತಾಳೆ. ಮೈಕ್ರೋಸ್ಕೋಪಿನ ತೋಳು ಬಲಕ್ಕೆ ಹೊರಳುತ್ತದೆ, ಅದರ ಬೆನ್ನಿಗೇ ವೈದ್ಯರು. ಎಡಗಡೆಯ ಅಜ್ಜಿಯನ್ನು ಇಬ್ಬರು ಹುಡುಗಿಯರು ಕೈಹಿಡಿದು ಇಳಿಸಿ ನಡೆಸಿಕೊಂಡು ಹೋಗುತ್ತಾರೆ.

ಈ ಕೋಣೆಯ ಚಲನವಲನಗಳನ್ನೆಲ್ಲ ಯೋಚಿಸಿ ಕಟ್ಟಿದ ಡಾ. ಗೋವಿಂದಪ್ಪ ವೆಂಕಟಸ್ವಾಮಿ ಅವರ ಕೈಗಳನ್ನು ಫೋಟೋಗಳಲ್ಲಿ ನೋಡಬೇಕು. ಗೆಣ್ಣುಗಳೆಲ್ಲ ಊದಿ, ಬೆರಳುಗಳು ಒಂದರ ಮೇಲೊಂದು ವಾಲಿ ಸೊಟ್ಟಗಾಗಿವೆ. ಪೆನ್ನು ಹಿಡಿಯುವುದೇ ಕಷ್ಟವೆನ್ನಿಸುವ ಆ ಕೈಗಳಿಂದ ಅವರು ತಮ್ಮ ಜೀವಮಾನದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಕಣ್ಣಿನ ಆಪರೇಷನ್ ಮಾಡಿದರು.

ಹಿರಿಯ ಶಸ್ತ್ರವೈದ್ಯರನ್ನು ಸನ್ಮಾನಿಸುವಾಗ ನಮ್ಮಲ್ಲಿ ಒಂದು ಪದ್ಧತಿಯಿದೆ. ಶಾಲು, ಹಾರ, ಫಲತಾಂಬೂಲ, ಬಿನ್ನವತ್ತಳೆ. ಬಿನ್ನವತ್ತಳೆಯಲ್ಲಿ ಅವರ ಕೈಯಿಂದ ಎಷ್ಟು ಸಾವಿರ ಆಪರೇಷನ್ ಆದವೆಂಬ ಲೆಕ್ಕ. ಡಾ. ವೆಂಕಟಸ್ವಾಮಿಯವರಿಗೂ ಆ ಲೆಕ್ಕ ಹೇಳಬಹುದು, ಹೇಳಿದ್ದಾರೆ ಕೂಡ. ನನಗೆ ಮುಖ್ಯವಾಗಿ ಕಾಣುವುದು ಇನ್ನೊಂದು ಲೆಕ್ಕ. ತಾವು ಮುಟ್ಟದ, ನೋಡದ, ತಮ್ಮ ಸಾವಿನ ನಂತರ ಮೇಜಿಗೆ ಬಂದ ಲಕ್ಷಾಂತರ ಕಣ್ಣುಗಳು ಬೇರೆಯವರ ಕೈಯಲ್ಲಿ ಬೆಳಕು ಕಾಣುವಂತೆ ಅವರು ಏರ್ಪಾಡು ಮಾಡಿಹೋದರು. ಶಸ್ತ್ರವೈದ್ಯ ವೃತ್ತಿಗೆ ಅವರು ಮಾಡಿದ ದೊಡ್ಡ ಸೇವೆ ಇದು ಎಂದು ನಾನು ನಂಬಿದ್ದೇನೆ.

ಎಟ್ಟಯಪುರಂ ಸುತ್ತಿನ ಕಪ್ಪು ಮಣ್ಣಿನ ಸೀಮೆ ನಮ್ಮ ಬಿಜಾಪುರ, ಗದಗದ ಎರೆ ಹೊಲಗಳನ್ನು ಕಂಡವರಿಗೆ ಗುರುತು ಸಿಗುವಂಥದು. ಮಳೆಯನ್ನೇ ನಂಬಿದ ಬೇಸಾಯ, ಹತ್ತಿ, ಜೋಳ. ಕವಿ ಸುಬ್ರಹ್ಮಣ್ಯ ಭಾರತಿ ಹುಟ್ಟಿದ ಆ ಎಟ್ಟಯಪುರಂಗೆ ಸಮೀಪದ ವಡಮಲಾಪುರಂ ಎಂಬ ಹಳ್ಳಿಯಲ್ಲಿ, ತೆಲುಗು ಮನೆಮಾತಿನ ಒಕ್ಕಲು ಕುಟುಂಬದಲ್ಲಿ, 1918ರ ಅಕ್ಟೋಬರ್ 1ರಂದು ವೆಂಕಟಸ್ವಾಮಿ ಹುಟ್ಟಿದರು. ಐವರು ಮಕ್ಕಳಲ್ಲಿ ಹಿರಿಯರು. ಊರಿನ ಶಾಲೆಯಲ್ಲಿ ಕಾಗದವಿರಲಿಲ್ಲ. ಹೊಳೆಯ ದಂಡೆಯಿಂದ ತಂದ ಮರಳನ್ನು ನೆಲದ ಮೇಲೆ ಹರಡಿ, ಅದರಲ್ಲಿ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ಅವರಿನ್ನೂ ಹುಡುಗನಾಗಿದ್ದಾಗ ಬಂಧುಗಳ ಮನೆಯ ಮೂವರು ಅಕ್ಕಂದಿರು ಬಸಿರು ಬಾಣಂತನದ ಕಾಯಿಲೆಗಳಲ್ಲಿ ತೀರಿಕೊಂಡರು. ಹಳ್ಳಿಯಲ್ಲಿ ಡಾಕ್ಟರಿರಲಿಲ್ಲ. ಡಾಕ್ಟರಾಗಬೇಕು, ಹೆರಿಗೆಯ ಡಾಕ್ಟರೇ ಆಗಬೇಕು ಎಂದು ಹುಡುಗ ಅಂದುಕೊಂಡದ್ದು ಆಗ.

ಮಧುರೈಯ ಅಮೆರಿಕನ್ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿ, ಮದರಾಸಿನ ಸ್ಟ್ಯಾನ್ಲಿ ಮೆಡಿಕಲ್ ಕಾಲೇಜಿನಿಂದ 1944ರಲ್ಲಿ ವೈದ್ಯರಾಗಿ ಹೊರಬಂದರು. ಮರುವರ್ಷವೇ ಸೇನೆಯ ವೈದ್ಯಕೀಯ ದಳ ಸೇರಿದರು. ಹೆರಿಗೆ ವೈದ್ಯಕ್ಕೆ ಹೋಗುವ ಕನಸು ಹಾಗೇ ಇತ್ತು. ಆಗ ಅಡರಿದ್ದು ಸಂಧಿವಾತ. ಬರೀ ಮೈಕೈ ನೋವಲ್ಲ ಅದು, ಕೀಲುಕೀಲನ್ನೂ ತಿಂದುಹಾಕುವ ರುಮಟಾಯ್ಡ್ ಬಗೆಯದು. 1948ರಲ್ಲಿ ಸೇನೆಯಿಂದ ಬಿಡುಗಡೆಯಾಗಿ, ಒಂದು ವರ್ಷಕ್ಕೂ ಹೆಚ್ಚು ಕಾಲ ಹಾಸಿಗೆ ಹಿಡಿದರು. ಮೂವತ್ತರ ಪ್ರಾಯದ ಗಂಡಸಿಗೆ ಹೊರಳಿ ಮಲಗಲು ಇನ್ನೊಬ್ಬರ ಕೈ ಬೇಕಾಗಿತ್ತು. ಎದ್ದು ನಿಂತಾಗ ಬೆರಳುಗಳು ಇನ್ನೆಂದೂ ನೆಟ್ಟಗಾಗದ ಹಾಗೆ ತಿರುಚಿಕೊಂಡಿದ್ದವು. ತಾಸುಗಟ್ಟಲೆ ನಿಂತು ಮಗುವನ್ನು ತಿರುಗಿಸಿ ತೆಗೆಯುವ ಹೆರಿಗೆಯ ಕೆಲಸ ಆ ಕೈಗಳಿಂದ ಆಗುವಂತಿರಲಿಲ್ಲ.

ಅವರು ಆರಿಸಿಕೊಂಡದ್ದು ಕಣ್ಣು. ನೋಡಿದವರಿಗೆ ಇದು ಇನ್ನೂ ವಿಚಿತ್ರವೆನ್ನಿಸಿರಬೇಕು. ಬೆರಳುಗಳಿಗೆ ಅತಿ ಸೂಕ್ಷ್ಮ ಹಿಡಿತ ಬೇಕಾದ ಕೆಲಸವದು, ಕೂದಲೆಳೆಯಷ್ಟು ತಪ್ಪಿದರೂ ಕಣ್ಣು ಹೋಗುತ್ತದೆ. ಆದರೆ ಕಣ್ಣಿನ ಆಪರೇಷನ್ನಿಗೆ ತೋಳ ಬಲ ಬೇಡ, ಕೈಯನ್ನು ಮೇಜಿನ ಅಂಚಿಗೆ ಆನಿಸಿಕೊಳ್ಳಬಹುದು, ಬೇಕಾದ ಚಲನೆಗಳು ಕೆಲವೇ ಕೆಲವು. ಆ ಕೆಲವನ್ನು ತಮ್ಮ ಬೆರಳುಗಳಿಗೆ ಅವರು ಮೊದಲಿಂದ ಕಲಿಸಿದರು. ತಮ್ಮ ಹಿಡಿತಕ್ಕೆ ಒದಗುವ ಉಪಕರಣಗಳನ್ನು ರೂಪಿಸಿಕೊಂಡರು. ನೇತ್ರವೈದ್ಯದಲ್ಲಿ ಡಿಪ್ಲೊಮಾ, ಎಂ.ಎಸ್. ಪಡೆದರು. ಮುಂದೆ ಒಂದೇ ದಿನ ನೂರರಷ್ಟು ಆಪರೇಷನ್ ಮಾಡುವ ಹಂತಕ್ಕೆ ಬಂದರು. ನೋವು ಮಾತ್ರ ಕೊನೆಯವರೆಗೂ ಅವರನ್ನು ಬಿಡಲಿಲ್ಲ.

ತಮ್ಮ ಕೈಗಳ ಮಿತಿಯನ್ನು ಇಷ್ಟು ಹತ್ತಿರದಿಂದ ಬಲ್ಲ ಮನುಷ್ಯನಿಗೆ ಒಂದು ಪ್ರಶ್ನೆ ಸಹಜವಾಗಿಯೇ ಎದುರಾಗಿರಬೇಕು: ಈ ಕೆಲಸದಲ್ಲಿ ಶಸ್ತ್ರವೈದ್ಯನೇ ಮಾಡಬೇಕಾದ್ದು ಎಷ್ಟು, ಬೇರೆಯವರು ಮಾಡಬಹುದಾದದ್ದು ಎಷ್ಟು? ಆರೋಗ್ಯವಂತ ಕೈಗಳ ವೈದ್ಯನಿಗೆ ಇದು ಹೊಳೆಯದೇ ಹೋಗಬಹುದು. ಪ್ರತಿಯೊಂದು ಅನಗತ್ಯ ಚಲನೆಗೂ ನೋವಿನ ಬೆಲೆ ತೆರುವವನಿಗೆ ಹೊಳೆಯದಿರಲು ಸಾಧ್ಯವಿಲ್ಲ. ಇದು ನನ್ನ ಊಹೆ. ಆದರೆ ಅವರ ಮುಂದಿನ ಬದುಕೆಲ್ಲ ಆ ಪ್ರಶ್ನೆಗೆ ಬರೆದ ಉತ್ತರದಂತೆ ಕಾಣುತ್ತದೆ.

1956ರಿಂದ ಇಪ್ಪತ್ತು ವರ್ಷ ಅವರು ಮಧುರೈ ಮೆಡಿಕಲ್ ಕಾಲೇಜಿನಲ್ಲಿ ನೇತ್ರ ವಿಭಾಗದ ಮುಖ್ಯಸ್ಥರು, ಎರ್ಸ್ಕಿನ್ ಆಸ್ಪತ್ರೆಯ ಕಣ್ಣಿನ ಡಾಕ್ಟರು. ಇಂದು ರಾಜಾಜಿ ಆಸ್ಪತ್ರೆ ಎನ್ನುವುದು ಅದನ್ನೇ. ಅರವತ್ತರ ದಶಕದ ಆರಂಭದಿಂದ ಹಳ್ಳಿಗಳಲ್ಲಿ ಶಿಬಿರ ನಡೆಸತೊಡಗಿದರು.

ಆ ಕಾಲದ ಕಣ್ಣಿನ ಶಿಬಿರಗಳು ನಮ್ಮ ಕಡೆಯ ಹಿರಿಯರ ನೆನಪಿನಲ್ಲಿ ಇನ್ನೂ ಇವೆ. ರಜೆ ಬಿಟ್ಟ ಶಾಲೆ. ಕೊಠಡಿಯ ಬೆಂಚುಗಳನ್ನೆಲ್ಲ ಹೊರಗೆ ಹಾಕಿ, ನೆಲ ತೊಳೆದು, ಡೆಟಾಲ್ ಹೊಡೆದು ಮಾಡಿದ ಥಿಯೇಟರು. ಕರಿಹಲಗೆಯ ಮೇಲೆ ಮಕ್ಕಳು ಬರೆದ ಮಗ್ಗಿ ಅರ್ಧ ಅಳಿಸಿದೆ. ಗಾಡಿ ಕಟ್ಟಿಕೊಂಡು, ಮಗನ ಹೆಗಲು ಹಿಡಿದುಕೊಂಡು, ಕೋಲಿನ ತುದಿಯನ್ನು ಮೊಮ್ಮಗನ ಕೈಗೆ ಕೊಟ್ಟುಕೊಂಡು ಜನ ಬರುತ್ತಿದ್ದರು. ಆಗಿನ ಆಪರೇಷನ್ನಿನಲ್ಲಿ ಮಸೂರವನ್ನು ಚೀಲಸಮೇತ ಕಿತ್ತು ತೆಗೆಯುತ್ತಿದ್ದರು. ಆಮೇಲೆ ಅಲ್ಲಾಡದೆ ಮಲಗಬೇಕು. ಕಣ್ಣಿಗೆ ಪಟ್ಟಿ, ಸಾಲು ಚಾಪೆಗಳ ಮೇಲೆ ಅಂಗಾತ ಮಲಗಿದ ಮುದುಕ ಮುದುಕಿಯರು, ಅವರಿಗೆ ಚಮಚದಲ್ಲಿ ಗಂಜಿ ಕುಡಿಸುವ ಊರಿನ ಹುಡುಗರು. ಕೆಮ್ಮಿದರೂ ಗದರುತ್ತಿದ್ದರು. ಪಟ್ಟಿ ಬಿಚ್ಚಿದ ದಿನ ಸಿಗುತ್ತಿದ್ದುದು ಸೋಡಾಗ್ಲಾಸಿನ ಕನ್ನಡಕ. ಅದನ್ನು ಹಾಕಿಕೊಂಡರೆ ಲೋಕ ಕಾಣುತ್ತಿತ್ತು, ಆದರೆ ಎಲ್ಲವೂ ಊದಿಕೊಂಡು ಹತ್ತಿರ ಬಂದಂತೆ. ಅಂಚಿನಲ್ಲಿದ್ದದ್ದು ಕಾಣುತ್ತಲೇ ಇರಲಿಲ್ಲ. ಕನ್ನಡಕ ಒಡೆದರೆ, ಕಳೆದರೆ, ಮತ್ತೆ ಕತ್ತಲು.

ಕನ್ನಡ ನಾಡಿನಲ್ಲಿ ಕಣ್ಣಿನ ಶಿಬಿರವೆಂದರೆ ಡಾ. ಎಂ.ಸಿ. ಮೋದಿ. ಬೀಳಗಿಯಲ್ಲಿ ಹುಟ್ಟಿದ ಮುರಿಗೆಪ್ಪ ಚನ್ನವೀರಪ್ಪ ಮೋದಿಯವರು 1943ರಿಂದ ಊರೂರು ತಿರುಗಿ, ಬಡವರ ಕಣ್ಣಿನ ಪೊರೆ ತೆಗೆದವರು. ಒಂದೇ ದಿನ 833 ಆಪರೇಷನ್ ಮಾಡಿದ ಅವರ ದಾಖಲೆ ಗಿನ್ನೆಸ್ ಪುಸ್ತಕದಲ್ಲಿ ಅಚ್ಚಾಯಿತು. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಬಂತು. ಮೋದಿಯವರನ್ನು ನೆನೆಯದೆ ವೆಂಕಟಸ್ವಾಮಿಯವರ ಬಗ್ಗೆ ಕನ್ನಡದಲ್ಲಿ ಬರೆಯುವುದು ನನಗೆ ಸರಿಯೆನ್ನಿಸುವುದಿಲ್ಲ. ಇಬ್ಬರ ದಾರಿ ಮುಂದೆ ಬೇರೆಯಾಯಿತು. ಮೋದಿಯವರು ತಾವೇ ನಡೆದುಹೋಗಿ ಜನರನ್ನು ಮುಟ್ಟಿದರು. ಅವರು ಊರಿಗೆ ಬಂದರೆ ಅದೊಂದು ಜಾತ್ರೆ. ವೆಂಕಟಸ್ವಾಮಿಯವರು ತಾವಿಲ್ಲದಾಗಲೂ ನಡೆಯುವಂಥದನ್ನು ಕಟ್ಟಲು ಹೊರಟರು. ಒಬ್ಬರನ್ನು ಇನ್ನೊಬ್ಬರ ಪಕ್ಕ ನಿಲ್ಲಿಸಿ ತೂಗುವ ಇಷ್ಟ ನನಗಿಲ್ಲ. ಒಂಬತ್ತು ತಿಂಗಳೊಳಗೆ, 2005ರ ನವೆಂಬರಿನಲ್ಲಿ ಮೋದಿಯವರು, 2006ರ ಜುಲೈನಲ್ಲಿ ವೆಂಕಟಸ್ವಾಮಿಯವರು, ಇಬ್ಬರೂ ಹೊರಟುಹೋದರು.

ಸರಕಾರಿ ನೌಕರಿಯಲ್ಲಿದ್ದಾಗಲೇ ವೆಂಕಟಸ್ವಾಮಿಯವರಿಗೆ ಸರ್ ಜಾನ್ ವಿಲ್ಸನ್ ಅವರ ಪರಿಚಯವಾಯಿತು. ಬಾಲ್ಯದಲ್ಲಿ ಶಾಲೆಯ ಪ್ರಯೋಗಶಾಲೆಯ ಅಪಘಾತದಲ್ಲಿ ಎರಡೂ ಕಣ್ಣು ಕಳೆದುಕೊಂಡ ಈ ಇಂಗ್ಲಿಷ್ ಮನುಷ್ಯ, ಕಾಮನ್‌ವೆಲ್ತ್ ದೇಶಗಳ ಅಂಧರಿಗಾಗಿ ಸಂಸ್ಥೆ ಕಟ್ಟಿದವರು. ಅಂಧತ್ವವನ್ನು ತಡೆಯಲು ದೇಶಕ್ಕೇ ಒಂದು ಕಾರ್ಯಕ್ರಮ ಬೇಕೆಂದು ಇಂಥ ಹಲವರು ದೆಹಲಿಯ ಬಾಗಿಲು ಬಡಿದರು. 1976ರಲ್ಲಿ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮ ಶುರುವಾದಾಗ ಜನಸಂಖ್ಯೆಯ ಶೇ 1.4ರಷ್ಟಿದ್ದ ಅಂಧತ್ವವನ್ನು ಶೇ 0.3ಕ್ಕೆ ಇಳಿಸುವುದು ಗುರಿಯಾಗಿತ್ತು. ಆ ಅಂಧರಲ್ಲಿ ಹೆಚ್ಚಿನವರಿಗೆ ಬಂದಿದ್ದುದು ಪೊರೆ. ತೆಗೆದರೆ ಕಣ್ಣು ಕಾಣುತ್ತದೆ, ತೆಗೆಯುವವರು ಸಾಲದು.

ಅದೇ 1976ರಲ್ಲಿ ವೆಂಕಟಸ್ವಾಮಿಯವರಿಗೆ ನಿವೃತ್ತಿಯ ವಯಸ್ಸಾಯಿತು. ಪದ್ಮಶ್ರೀ ಮೂರು ವರ್ಷ ಮೊದಲೇ ಬಂದಿತ್ತು. ಮದುವೆಯಾಗಿರಲಿಲ್ಲ. ಪುದುಚೇರಿಯ ಶ್ರೀ ಅರವಿಂದರನ್ನು ಗುರುವೆಂದು ನಂಬಿದ್ದವರಿಗೆ ಆಶ್ರಮದ ದಾರಿಯೂ ತೆರೆದಿತ್ತು. ಅವರು ಅಣ್ಣಾನಗರದ ಒಂದು ಮನೆಯಲ್ಲಿ ಹನ್ನೊಂದು ಹಾಸಿಗೆ ಹಾಕಿ ಆಸ್ಪತ್ರೆ ತೆರೆದರು. ಅದಕ್ಕೆ ಗುರುವಿನ ಹೆಸರಿಟ್ಟರು. ಹಣ ಕೊಡಬಲ್ಲವರಿಗೆ ಐದು ಹಾಸಿಗೆ, ಕೊಡಲಾರದವರಿಗೆ ಆರು.

ಮುಂದಿನ ಕಟ್ಟಡಕ್ಕೆ ಸಾಲ ಹುಟ್ಟಲಿಲ್ಲ. ಮನೆ ಅಡವಿಟ್ಟರು, ಮನೆಯ ಹೆಣ್ಣುಮಕ್ಕಳ ಒಡವೆಗಳೂ ಅಡವಿಗೆ ಹೋದವು. ತಂಗಿ ಡಾ. ನಾಚಿಯಾರ್, ಅವರ ಪತಿ ಡಾ. ನಂಪೆರುಮಾಳ್‌ಸ್ವಾಮಿ ಇಬ್ಬರೂ ನೇತ್ರತಜ್ಞರು. ಅಣ್ಣನ ಜತೆ ಬಂದು ನಿಂತರು. ತಮ್ಮ ಶ್ರೀನಿವಾಸನ್ ಸಿವಿಲ್ ಎಂಜಿನಿಯರು. ಕಟ್ಟಡಗಳ ಹೊಣೆ ಹೊತ್ತರು. ಹಿರಿಯಣ್ಣನ ಮಾತಿಗೆ ಎದುರಾಡದ ಹಳೆಯ ಕಾಲದ ಅವಿಭಕ್ತ ಕುಟುಂಬದ ಶಿಸ್ತು ಇಡೀ ಆಸ್ಪತ್ರೆಯ ಬೆನ್ನೆಲುಬಾಯಿತು. ಆ ಶಿಸ್ತಿನಲ್ಲಿ ಕಿರಿಯರ ಎಷ್ಟು ಆಸೆಗಳು ಬದಿಗೆ ಸರಿದಿರಬಹುದೆಂದು ಕೇಳಿಕೊಂಡರೆ ಉತ್ತರ ಸುಲಭವಲ್ಲ. ಒಡವೆ ಬಿಚ್ಚಿಕೊಟ್ಟ ಹೆಂಗಸರ ಹೆಸರು ಯಾವ ಬಿನ್ನವತ್ತಳೆಯಲ್ಲೂ ಬರುವುದಿಲ್ಲವಲ್ಲ ಎಂಬುದು ನನ್ನನ್ನು ಕಾಡುತ್ತದೆ.

1981ರ ಹೊತ್ತಿಗೆ ಮಧುರೈಯಲ್ಲಿ ದೊಡ್ಡ ಆಸ್ಪತ್ರೆ ಎದ್ದಿತು. ತೇನಿ, ತಿರುನೆಲ್ವೇಲಿ, ಕೊಯಮತ್ತೂರು, ಪುದುಚೇರಿಗಳಲ್ಲಿ ವೆಂಕಟಸ್ವಾಮಿಯವರು ಬದುಕಿರುವಾಗಲೇ ಕವಲುಗಳೊಡೆದವು.

ಅಮೆರಿಕಕ್ಕೆ ಹೋದಾಗ ಶಿಕಾಗೋ ಹತ್ತಿರದ ಓಕ್ ಬ್ರೂಕ್‌ನಲ್ಲಿ ಮೆಕ್‌ಡೊನಾಲ್ಡ್ಸ್ ಕಂಪನಿಯ ತರಬೇತಿ ಶಾಲೆಯನ್ನು ಅವರು ನೋಡಿಬಂದ ಕತೆ ಬಹಳ ಪ್ರಸಿದ್ಧ. ಎಲ್ಲಿ ಹೋದರೂ ಒಂದೇ ರುಚಿಯ, ಒಂದೇ ಅಳತೆಯ ತಿಂಡಿಯನ್ನು ಮಾಮೂಲಿ ಹುಡುಗರು ಮಾಡಿಕೊಡುತ್ತಾರೆ. ಹಾಗಾದರೆ ಒಂದೇ ಗುಣಮಟ್ಟದ ಕಣ್ಣಿನ ಚಿಕಿತ್ಸೆಯನ್ನು ಹಾಗೆ ಹರಡಲು ಏಕಾಗದು ಎಂದು ಅವರು ಕೇಳಿದರು. ಧ್ಯಾನ ಮಾಡಿ, ಸರಳ ಬದುಕು ಬದುಕಿದ ಮನುಷ್ಯ ಮಾಂಸದ ಬನ್ನಿನ ಅಂಗಡಿಯಿಂದ ಪಾಠ ಕಲಿತದ್ದನ್ನು ಪತ್ರಿಕೆಗಳು ಮತ್ತೆಮತ್ತೆ ಬರೆದವು. ಕತೆ ಚೆನ್ನಾಗಿದೆ, ನಿಜವೂ ಹೌದು. ಆದರೆ ನನ್ನ ಮಟ್ಟಿಗೆ ಆ ಆಸ್ಪತ್ರೆಯ ಜೀವಾಳ ಬೇರೆ ಕಡೆ ಇದೆ.

ದಿಂಡಿಗಲ್, ರಾಮನಾಥಪುರ, ವಿರುಧುನಗರದ ಹಳ್ಳಿಗಳಿಂದ ಹನ್ನೆರಡನೇ ತರಗತಿ ಮುಗಿಸಿದ ಹುಡುಗಿಯರು ಬರುತ್ತಾರೆ. ಹದಿನೇಳು, ಹದಿನೆಂಟು ವಯಸ್ಸು. ಆಯ್ಕೆಯ ದಿನ ಅಪ್ಪ ಅಮ್ಮನೂ ಜತೆಗೆ ಬಂದಿರುತ್ತಾರೆ; ಅವರನ್ನೂ ಮಾತಾಡಿಸುತ್ತಾರೆ. ಅಂಕಪಟ್ಟಿಗಿಂತ ಹೆಚ್ಚಾಗಿ ಹುಡುಗಿಯ ನಡೆನುಡಿ, ಮನೆಯ ಸಂಸ್ಕಾರ ನೋಡುತ್ತಾರೆ. ಎರಡು ವರ್ಷ ತರಬೇತಿ. ಮೊದಲ ತಿಂಗಳುಗಳಲ್ಲಿ ಕಣ್ಣಿನ ರಚನೆ, ಶುಚಿತ್ವ, ರೋಗಿಯ ಜತೆ ಮಾತಾಡುವ ರೀತಿ. ಆಮೇಲೆ ಒಬ್ಬೊಬ್ಬರನ್ನು ಒಂದೊಂದು ಕೆಲಸಕ್ಕೆ ಹಾಕುತ್ತಾರೆ. ಒಬ್ಬಳು ದೃಷ್ಟಿ ಅಳೆಯುತ್ತಾಳೆ, ಒಬ್ಬಳು ಕನ್ನಡಕದ ನಂಬರು ತೆಗೆಯುತ್ತಾಳೆ, ಒಬ್ಬಳು ಕಣ್ಣಿನ ಒತ್ತಡ ನೋಡುತ್ತಾಳೆ, ಒಬ್ಬಳು ಒಳಗೆ ಕೂರಿಸಬೇಕಾದ ಲೆನ್ಸಿನ ಅಳತೆ ಲೆಕ್ಕ ಹಾಕುತ್ತಾಳೆ. ಇನ್ನೊಬ್ಬಳು ಹೆದರಿದ ಮುದುಕನ ಪಕ್ಕ ಕೂತು ಆಪರೇಷನ್ ಎಂದರೇನೆಂದು ಅವನ ಊರಿನ ಮಾತಿನಲ್ಲೇ ಹೇಳುತ್ತಾಳೆ. ಥಿಯೇಟರಿನಲ್ಲಿ ಕೈಗೆ ಉಪಕರಣ ಕೊಡುವವಳು ಅದೇ ಕೆಲಸವನ್ನು ಸಾವಿರಾರು ಸಲ ಮಾಡಿರುತ್ತಾಳೆ. ಹೊಸ ಡಾಕ್ಟರ ಕೈ ತಡವರಿಸಿದರೆ ಅವಳಿಗೆ ಮೊದಲು ಗೊತ್ತಾಗುತ್ತದೆ. ಆಸ್ಪತ್ರೆಯಲ್ಲಿ ಇವರನ್ನು ಸಿಸ್ಟರ್ ಎನ್ನುತ್ತಾರೆ. ಸಿಬ್ಬಂದಿಯಲ್ಲಿ ಅರ್ಧಕ್ಕೂ ಹೆಚ್ಚು ಇವರೇ.

ಬೆಳಗಿನ ಓಪಿಯಲ್ಲಿ ನಿಂತು ನೋಡಿದರೆ ಏರ್ಪಾಡು ಅರ್ಥವಾಗುತ್ತದೆ. ಚೀಟಿ ಹಿಡಿದ ಜನ ಒಂದು ಬೆಂಚಿನಿಂದ ಇನ್ನೊಂದಕ್ಕೆ ಸರಿಯುತ್ತಾ ಹೋಗುತ್ತಾರೆ. ಮಲ್ಲಿಗೆ ಮುಡಿದ ಹೆಂಗಸರು, ಪಂಚೆ ಮಡಚಿ ಕಟ್ಟಿದ ಗಂಡಸರು, ಅಮ್ಮನ ಸೆರಗಿನಲ್ಲಿ ಮುಖ ಹುದುಗಿಸಿದ ಮೆಳ್ಳೆಗಣ್ಣಿನ ಕೂಸು. ಡಾಕ್ಟರ ಮುಂದೆ ಬಂದು ಕೂರುವಾಗ ಬೇಕಾದ ಅಳತೆಗಳೆಲ್ಲ ಚೀಟಿಯಲ್ಲಿ ಸಿದ್ಧವಾಗಿರುತ್ತವೆ. ಡಾಕ್ಟರಿಗೆ ಉಳಿದಿರುವುದು ರೋಗವನ್ನು ಗುರುತಿಸುವುದು, ನಿರ್ಧರಿಸುವುದು, ಕತ್ತರಿಸುವುದು. ಹೀಗಾಗಿ ಇಲ್ಲಿಯ ಶಸ್ತ್ರವೈದ್ಯರೊಬ್ಬರು ವರ್ಷಕ್ಕೆ ಸರಾಸರಿ ಸುಮಾರು 2,000 ಪೊರೆ ಆಪರೇಷನ್ ಮಾಡುತ್ತಾರೆ. ದೇಶದ ಸರಾಸರಿಯ ಹಲವು ಪಟ್ಟು. ಅವಸರದಲ್ಲಿ ಕೆಲಸ ಕೆಡುವುದಿಲ್ಲವೇ ಎಂಬ ಸಂಶಯ ಯಾರಿಗಾದರೂ ಬರಬೇಕಾದದ್ದೇ. ಆಪರೇಷನ್ನಿನ ನಂತರದ ಸೋಂಕು, ತೊಡಕುಗಳ ಲೆಕ್ಕವನ್ನು ಅವರು ದಿನದಿನವೂ ಬರೆದಿಡುತ್ತಾರೆ, ಬ್ರಿಟನ್ನಿನ ಆಸ್ಪತ್ರೆಗಳ ಲೆಕ್ಕದ ಜತೆ ಹೋಲಿಸಿಕೊಳ್ಳುತ್ತಾರೆ. ಆ ಹೋಲಿಕೆಯಲ್ಲಿ ಹಿಂದೆ ಬಿದ್ದಿಲ್ಲ.

ವೃತ್ತಿಯ ಗುಟ್ಟನ್ನು ಕಾಯ್ದುಕೊಳ್ಳುವುದು ಎಲ್ಲ ಕುಶಲ ಕೆಲಸಗಾರರ ಸ್ವಭಾವ. ತನ್ನ ಕೈಯಿಂದಲೇ ಆಗಬೇಕು, ತಾನೇ ಮಾಡಿದರೆ ಸರಿ ಎಂಬ ಹೆಮ್ಮೆ ಶಸ್ತ್ರವೈದ್ಯರಲ್ಲಿ ಇನ್ನೂ ಗಟ್ಟಿ. ಆ ಹೆಮ್ಮೆಯಿಂದ ಒಳ್ಳೆಯದೂ ಆಗಿದೆ. ಆದರೆ ದಶಲಕ್ಷಗಟ್ಟಲೆ ಜನ ಬಾಗಿಲಾಚೆ ಕಾಯುತ್ತಿರುವ ದೇಶದಲ್ಲಿ ಅದರ ಬೆಲೆ ತೆರುವವರು ಬಡವರು. ವೆಂಕಟಸ್ವಾಮಿಯವರು ತಮ್ಮ ವೃತ್ತಿಯ ಕೆಲಸವನ್ನು ಬಿಡಿಸಿ ಹರಡಿ, ಅದರಲ್ಲಿ ಬಹುಪಾಲನ್ನು ಹಳ್ಳಿಯ ಹೆಣ್ಣುಮಕ್ಕಳ ಕೈಗೆ ಒಪ್ಪಿಸಿದರು. ಒಪ್ಪಿಸುವ ಮೊದಲು ಚೆನ್ನಾಗಿ ಕಲಿಸಿದರು. ಇದಕ್ಕೆ ಒಬ್ಬ ಹಿರಿಯ ಸರ್ಜನ್ನಿಗೆ ಎಷ್ಟು ದೊಡ್ಡ ಮನಸ್ಸು ಬೇಕೆಂದು ನಮ್ಮ ಆಸ್ಪತ್ರೆಗಳ ಪದವಿ ದರ್ಜೆಗಳನ್ನು ಕಂಡವರಿಗೆ ಹೇಳಬೇಕಾಗಿಲ್ಲ. ಆ ಹೆಣ್ಣುಮಕ್ಕಳಿಗೆ ಸಲ್ಲಬೇಕಾದ ಮನ್ನಣೆ ಪೂರ್ತಿ ಸಂದಿದೆಯೆಂದು ನಾನು ಹೇಳಲಾರೆ. ಪ್ರಶಸ್ತಿಗಳು ಬಂದಾಗ ವೇದಿಕೆ ಹತ್ತುವವರು ಡಾಕ್ಟರುಗಳೇ.

ಇನ್ನೊಂದು ಮಾತೂ ಹೇಳಬೇಕು. ಹಣ ಕೊಟ್ಟವರಿಗೆ ಕೋಣೆ, ಮಂಚ. ಉಚಿತ ವಿಭಾಗದಲ್ಲಿ ದೊಡ್ಡ ಹಾಲ್, ಚಾಪೆ. ಮೊದಲ ನೋಟಕ್ಕೆ ಈ ಭೇದ ಚುಚ್ಚುತ್ತದೆ. ಆದರೆ ಎರಡೂ ಕಡೆ ಅದೇ ಡಾಕ್ಟರುಗಳು ಸರದಿಯ ಮೇಲೆ ಕೆಲಸ ಮಾಡುತ್ತಾರೆ. ಹಣ ಕೊಟ್ಟವರಿಂದ ಬಂದದ್ದರಲ್ಲಿ ಕೊಡದವರ ಖರ್ಚು ತೂಗುತ್ತದೆ. ಯಾರಲ್ಲೂ ಬಡತನದ ಸರ್ಟಿಫಿಕೇಟು ಕೇಳುವುದಿಲ್ಲ; ಯಾವ ಬಾಗಿಲಲ್ಲಿ ಬರಬೇಕೆಂಬುದನ್ನು ಬಂದವರೇ ತೀರ್ಮಾನಿಸುತ್ತಾರೆ. ಬಡವರೆಂದು ಸಾಬೀತು ಮಾಡಲು ಕಚೇರಿಯಿಂದ ಕಚೇರಿಗೆ ಅಲೆದವರಿಗೆ ಈ ಒಂದು ಮರ್ಯಾದೆಯ ಬೆಲೆ ಗೊತ್ತು. ಚಾಪೆಯನ್ನು ನಾನು ಹಾಗೆ ಒಪ್ಪಿಕೊಂಡಿದ್ದೇನೆ.

ಉಚಿತವೆಂದ ಮಾತ್ರಕ್ಕೆ ಜನ ಬರಲಿಲ್ಲ. ಶಿಬಿರದಲ್ಲಿ ಕಣ್ಣು ನೋಡಿ, ಆಪರೇಷನ್ ಬೇಕು, ದುಡ್ಡು ಬೇಡ, ಬನ್ನಿ ಎಂದು ಹೇಳಿಬಂದವರಲ್ಲಿ ಬಹಳ ಮಂದಿ ಮಧುರೈ ಕಡೆ ತಲೆಹಾಕಲಿಲ್ಲ. ಏಕೆಂದು ಮನೆಮನೆಗೆ ಹೋಗಿ ಕೇಳಿಸಿದರು. ಸಿಕ್ಕ ಉತ್ತರಗಳು ಸಾದಾ ಉತ್ತರಗಳು. ಬಸ್ ಚಾರ್ಜಿಗೆ ದುಡ್ಡಿಲ್ಲ. ಅಲ್ಲಿ ಊಟಕ್ಕೇನು ಮಾಡುವುದು? ಜತೆಗೆ ಬರಲು ಮಗನಿಗೆ ಕೂಲಿ ಬಿಡಲಾಗುವುದಿಲ್ಲ. ಕಣ್ಣು ಕಿತ್ತುಬಿಡುತ್ತಾರಂತೆ. ವಯಸ್ಸಾಯಿತು, ಇನ್ನು ನೋಡಿ ಆಗಬೇಕಾದ್ದೇನು? ಈ ಕೊನೆಯ ಉತ್ತರ ನಮ್ಮ ಹಳ್ಳಿಗಳಲ್ಲೂ ಕೇಳಿಬರುವಂಥದು. ಮನೆಯ ಮೂಲೆಯಲ್ಲಿ ಕೂತ ಮುದುಕಿ ತನ್ನ ಕತ್ತಲನ್ನು ವಯಸ್ಸಿನ ಲೆಕ್ಕಕ್ಕೆ ಸೇರಿಸಿ ಸುಮ್ಮನಾಗುತ್ತಾಳೆ, ಮನೆಯವರೂ ಸುಮ್ಮನಾಗುತ್ತಾರೆ. ಆಮೇಲೆ ಏರ್ಪಾಡು ಬದಲಾಯಿತು. ಶಿಬಿರ ಮುಗಿದ ಸಂಜೆಯೇ ಬಸ್ಸು ಬಂದು ನಿಲ್ಲತೊಡಗಿತು. ಊಟ ಆಸ್ಪತ್ರೆಯದು. ಒಂದೇ ಊರಿನವರನ್ನು ಒಟ್ಟಿಗೆ ಕರೆದೊಯ್ದು, ಒಟ್ಟಿಗೆ ಮಲಗಿಸಿ, ಒಟ್ಟಿಗೆ ವಾಪಸು ಬಿಡುತ್ತಿದ್ದರು.

ಎಂಬತ್ತರ ದಶಕದ ಕೊನೆಗೆ ಮತ್ತೊಂದು ಗೋಡೆ ಎದುರಾಯಿತು. ಶ್ರೀಮಂತ ದೇಶಗಳಲ್ಲಿ ಪೊರೆ ತೆಗೆದ ಜಾಗಕ್ಕೆ ಲೆನ್ಸ್ ಕೂರಿಸುತ್ತಿದ್ದರು. ಹೊರಗಿನಿಂದ ತರಿಸಿದರೆ ಒಂದಕ್ಕೆ ಸುಮಾರು 100 ಡಾಲರ್. ಬಡದೇಶಗಳಿಗೆ ಕನ್ನಡಕವೇ ಸಾಕು, ಲೆನ್ಸ್ ಅವರಿಗೆ ಮೀರಿದ್ದು ಎಂದು ಹೇಳುವ ತಜ್ಞರು ಬೇಕಾದಷ್ಟಿದ್ದರು. ಬಡವನ ಕಣ್ಣಿಗೂ ಉಳ್ಳವನ ಕಣ್ಣಿಗೂ ಬೇರೆ ಬೇರೆ ಚಿಕಿತ್ಸೆ ಎಂಬುದು ಮಧುರೈಯವರಿಗೆ ಒಪ್ಪಿಗೆಯಾಗಲಿಲ್ಲ. 1992ರಲ್ಲಿ ಲೆನ್ಸ್ ತಯಾರಿಸುವ ಅವರದೇ ಕಾರ್ಖಾನೆ ಆರೋಲ್ಯಾಬ್ ಹುಟ್ಟಿತು. ಡೇವಿಡ್ ಗ್ರೀನ್ ಎಂಬ ಅಮೆರಿಕನ್ ಗೆಳೆಯ ತಂತ್ರಜ್ಞಾನ ತರಲು ನೆರವಾದರು. ಅಲ್ಲಿಯೂ ಧೂಳಿಲ್ಲದ ಕೋಣೆಗಳಲ್ಲಿ ಕೂತು ಲೆನ್ಸುಗಳನ್ನು ಪರೀಕ್ಷಿಸಿದವರು ಹಳ್ಳಿಯ ಹುಡುಗಿಯರೇ. ಲೆನ್ಸಿನ ಬೆಲೆ ಮೊದಲು ಹತ್ತು ಡಾಲರಿನ ಆಸುಪಾಸಿಗೆ, ಆಮೇಲೆ ಅದಕ್ಕೂ ಕೆಳಗೆ ಇಳಿಯಿತು. ನಮ್ಮ ಹಿರಿಯರ ಮೂಗಿನ ಮೇಲಿಂದ ಸೋಡಾಗ್ಲಾಸು ಮಾಯವಾದ ಕತೆಯಲ್ಲಿ ಈ ಕಾರ್ಖಾನೆಯದೊಂದು ದೊಡ್ಡ ಪಾಲಿದೆ. ನೂರಕ್ಕೂ ಹೆಚ್ಚು ದೇಶಗಳಿಗೆ ಇಲ್ಲಿಂದ ಸರಕು ಹೋಗುತ್ತದೆ.

ಅದೇ ವರ್ಷ ಇನ್ನೊಂದು ಕೆಲಸವೂ ಆಯಿತು. ತಾವು ಕಲಿತದ್ದನ್ನು ಬೇರೆ ಆಸ್ಪತ್ರೆಗಳಿಗೆ ಕಲಿಸಲೆಂದೇ ಲಯನ್ಸ್ ಸಂಸ್ಥೆಯ ನೆರವಿನಿಂದ ಒಂದು ಸಂಸ್ಥೆ ತೆರೆದರು. ಅಲ್ಲಿಗೆ ಡಾಕ್ಟರು ಒಬ್ಬರೇ ಬಂದರೆ ಸಾಲದು. ಆಸ್ಪತ್ರೆಯ ಆಡಳಿತಗಾರ, ನರ್ಸು, ಶಿಬಿರ ನಡೆಸುವವರು ತಂಡವಾಗಿ ಬರಬೇಕು. ಚೀಟಿ ಬರೆಯುವುದರಿಂದ ಹಿಡಿದು ಲೆಕ್ಕಪತ್ರದವರೆಗೆ ಎಲ್ಲವನ್ನೂ ತೆರೆದು ತೋರಿಸುತ್ತಾರೆ. ಭಾರತದ, ನೇಪಾಳದ, ಆಫ್ರಿಕಾದ ಮುನ್ನೂರಕ್ಕೂ ಹೆಚ್ಚು ಆಸ್ಪತ್ರೆಗಳು ಹೀಗೆ ಕಲಿತುಹೋಗಿವೆ. ಕಲಿತವರು ತಮಗೇ ಪೈಪೋಟಿಯಾದರೆ ಎಂಬ ಅಂಜಿಕೆ ಅಲ್ಲಿ ಇರಲೇ ಇಲ್ಲ. ಕುರುಡು ಉಳಿದಿರುವಾಗ ಪೈಪೋಟಿ ಯಾರೊಂದಿಗೆ? ಹಾರ್ವರ್ಡ್ ಬಿಸಿನೆಸ್ ಸ್ಕೂಲಿನವರು 1993ರಲ್ಲಿ ಈ ಆಸ್ಪತ್ರೆಯ ಬಗ್ಗೆ ಪಾಠ ಬರೆದರು. ಲಾಭದ ವಿದ್ಯೆ ಕಲಿಯುವ ಸಾವಿರಾರು ಮಂದಿ ಅದನ್ನು ಓದಿದ್ದಾರೆ.

ಕೊನೆಯ ವರ್ಷಗಳಲ್ಲಿ ವೆಂಕಟಸ್ವಾಮಿಯವರು ಚಾಕು ಹಿಡಿಯುವುದನ್ನು ಬಿಟ್ಟಿದ್ದರು, ಆಸ್ಪತ್ರೆಗೆ ಬರುವುದನ್ನು ಬಿಡಲಿಲ್ಲ. ಕುಳ್ಳನೆಯ ಮೈಕಟ್ಟು, ನೆರೆತ ತಲೆ, ಮಡಿಲಲ್ಲಿ ಜೋಡಿಸಿಕೊಂಡ ಆ ಕೈಗಳು. 2006ರ ಜುಲೈ 7ರಂದು ತೀರಿಕೊಂಡಾಗ ಅವರಿಗೆ ಎಂಬತ್ತೇಳು. ಗೇಟ್ಸ್ ಪ್ರತಿಷ್ಠಾನದ ಜಾಗತಿಕ ಆರೋಗ್ಯ ಪ್ರಶಸ್ತಿ 2008ರಲ್ಲಿ, ಹಿಲ್ಟನ್ ಮಾನವೀಯ ಪ್ರಶಸ್ತಿ 2010ರಲ್ಲಿ ಬಂದವು. ಎರಡೂ ಬಂದದ್ದು ಸಂಸ್ಥೆಯ ಹೆಸರಿಗೆ, ಅವರಿಲ್ಲದಾಗ. 2018ರಲ್ಲಿ ನೂರು ವರ್ಷ ತುಂಬಿದ ದಿನ ಗೂಗಲ್ ತನ್ನ ಮುಖಪುಟದಲ್ಲಿ ಅವರ ಚಿತ್ರ ಹಾಕಿತು. ಈಗ ಆ ಆಸ್ಪತ್ರೆಗಳಲ್ಲಿ ವರ್ಷಕ್ಕೆ ನಾಲ್ಕು ಲಕ್ಷಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆ, ಲೇಸರ್ ಚಿಕಿತ್ಸೆಗಳು ನಡೆಯುತ್ತವೆ. ಅರ್ಧದಷ್ಟು ಉಚಿತ ಅಥವಾ ತೀರ ಕಡಿಮೆ ಬೆಲೆಯವು.

ಆಪರೇಷನ್ ಆಗಿ ಊರಿಗೆ ಮರಳಿದವರನ್ನು ಮತ್ತೆ ನೋಡಲು ಕೆಲವು ವಾರಗಳ ನಂತರ ಆಸ್ಪತ್ರೆಯವರು ಅದೇ ಊರಿಗೆ ಹೋಗುತ್ತಾರೆ. ಶಾಲೆಯ ಜಗಲಿಯ ಮೇಲೆ ಗದ್ದಲವೋ ಗದ್ದಲ. ತಿಂಗಳ ಹಿಂದೆ ಇನ್ನೊಬ್ಬರ ತೋಳು ಹಿಡಿದು ಬಸ್ಸು ಹತ್ತಿದ್ದವರು ಈಗ ತಮ್ಮ ಪಾಡಿಗೆ ತಾವು ನಡೆದುಬಂದು, ಸರದಿಯಲ್ಲಿ ನಾನು ಮೊದಲು ತಾನು ಮೊದಲು ಎಂದು ಜಗಳ ತೆಗೆದಿರುತ್ತಾರೆ. ಒಬ್ಬಾಕೆ ಪಕ್ಕದ ಬೀದಿಯ ವಾರಗಿತ್ತಿಯನ್ನು ಎಳೆದುಕೊಂಡೇ ಬಂದಿದ್ದಾರೆ. ವಾರಗಿತ್ತಿಗೆ ಭಯ. ಆಕೆಯ ರೆಪ್ಪೆಯನ್ನು ತಾವೇ ಬೆರಳಿಂದ ಎತ್ತಿ ಹಿಡಿದು, "ನೋಡಮ್ಮ, ಇವಳಿಗೂ ನನ್ನ ಹಾಗೇ ಬೆಳ್ಳಗಾಗಿದೆ, ಇವತ್ತೇ ಬಸ್ಸಿಗೆ ಹತ್ತಿಸಿಕೊಂಡು ಹೋಗು, ಬಿಡಬೇಡ" ಎಂದು ಸಿಸ್ಟರಿಗೆ ತಾಕೀತು ಮಾಡುತ್ತಿದ್ದಾರೆ. ಸಿಸ್ಟರು ನಗುತ್ತ ಟಾರ್ಚು ಹಾಕುತ್ತಾಳೆ, ಹೆಸರು ಕೇಳುತ್ತಾಳೆ, ಚೀಟಿ ಬರೆಯುತ್ತಾಳೆ.